ಪೈಪಿನ ಮೇಲೆ ಅಂಗೈ ಇಟ್ಟು ನಿಂತವರು

ಹೋದ ವಾರ ನಮ್ಮ ಕಾಲೇಜಿನಲ್ಲಿ ಉದ್ದನೆಯ ಗಂಟೆ ಬಾರಿಸಿತು. ಬಸವನ ಬಾಗೇವಾಡಿಯ ಈ ಕಾಲೇಜಿನಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಗಂಟೆ ಬಿಡದೆ ಬಾರಿಸಿತೆಂದರೆ ಯಾರೋ ತೀರಿಕೊಂಡಿದ್ದಾರೆ ಎಂದರ್ಥ. ಹುಡುಗರು, ಮಾಸ್ತರರು ಎಲ್ಲರೂ ಮೈದಾನಕ್ಕೆ ಬಂದು ಸಾಲಾಗಿ ನಿಲ್ಲಬೇಕು, ಎರಡು ನಿಮಿಷ ಮೌನ, ಆಮೇಲೆ ರಜೆ. ಈ ಸಲ ತೀರಿಕೊಂಡವರು ಬಹಳ ಹಿಂದೆ ನಿವೃತ್ತರಾದ ನಮ್ಮ ಪ್ರಾಣಿಶಾಸ್ತ್ರದ ಸರ್. ಸಾಲಿನಲ್ಲಿ ನಿಂತ ಹುಡುಗರಿಗೆ ಅವರು ಯಾರೆಂದೇ ಗೊತ್ತಿರಲಿಲ್ಲ. ರಜೆ ಸಿಕ್ಕ ಖುಷಿಯನ್ನು ತಲೆ ತಗ್ಗಿಸಿ ಮುಚ್ಚಿಕೊಂಡಿದ್ದರು. ಅವರದೇನೂ ತಪ್ಪಿಲ್ಲ, ಆ ವಯಸ್ಸಿನಲ್ಲಿ ನಾವೂ ಹಾಗೇ ಇದ್ದೆವು. ನನಗೆ ಮಾತ್ರ ಆ ಗಂಟೆ ಕೇಳುತ್ತಲೇ ಮೊದಲು ನಗು ಬಂತು. ಪಕ್ಕದವರು ಕಂಡಾರೆಂದು ಕರವಸ್ತ್ರ ಮುಖಕ್ಕೆ ಹಿಡಿದೆ. ಹಿಡಿದ ಮೇಲೆ ಅಳುವೂ ಬಂತು.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಓದಿದವರು ಏನು ತಿಳಿದುಕೊಂಡಾರೋ ಎಂದು ಅವರು ಹೋದಲ್ಲಿಯೂ ಚಿಂತೆ ಮಾಡುತ್ತಾ ಕೂರುತ್ತಾರೆ.

ಸರ್ ಅವರಿಗೆ ಒಂದು ಅಭ್ಯಾಸವಿತ್ತು. ಎಲ್ಲಿ ನೀರಿನ ಪೈಪು ಕಂಡರೂ ಅದರ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಲ್ಲುವುದು. ಚಹಾದ ಹೋಟೆಲಿನ ಹಿಂಬದಿ ಇರಲಿ, ಬೀಗರ ಮನೆ ಇರಲಿ, ಮಠದ ಪ್ರಸಾದ ನಿಲಯವೇ ಇರಲಿ, ಹಳೆಯ ವೈದ್ಯರು ನಾಡಿ ಹಿಡಿದಂತೆ ಹಿಡಿಯುತ್ತಿದ್ದರು. ಆಮೇಲೆ "ಹರಿಯಾಕತ್ತೈತಿ" ಎಂದು ತಮಗೆ ತಾವೇ ಹೇಳಿಕೊಂಡು ಕೈ ತೆಗೆಯುತ್ತಿದ್ದರು. ಹರಿಯದಿದ್ದರೆ ಮುಖ ಬಾಡುತ್ತಿತ್ತು. ಆ ನೀರಿಗೂ ಅವರಿಗೂ ಏನೂ ಸಂಬಂಧವಿರುತ್ತಿರಲಿಲ್ಲ ಎಂಬುದು ಬೇರೆ ಮಾತು.

ಚಿಂತೆ ಅವರಿಗೆ ಹುಟ್ಟಿನಿಂದಲೇ ಬಂದಿತ್ತು. ಅವರ ಹೆಂಡತಿಯನ್ನು ನಾವೆಲ್ಲ ವೈನಿ ಎನ್ನುತ್ತಿದ್ದೆವು. ಅವರೇ ಒಮ್ಮೆ ಚಹಾ ಕೊಡುತ್ತಾ ಹೇಳಿದ್ದರು: "ನಮ್ಮ ಮದಿವ್ಯಾಗ ಅಕ್ಕಿಕಾಳ ಬೀಳೂ ಮುಂದ ಇವ್ರು ನನ್ನ ಕಿವ್ಯಾಗ ಏನಂದ್ರು ಗೊತ್ತೈತೇನ್ರಿ? ಹಿತ್ತಲದಾಗಿನ ನಳಾ ಬಂದ್ ಮಾಡ್ಯಾರೋ ಇಲ್ಲೋ ಕೇಳು ಅಂದ್ರು. ಇವರ ಮನಿ ನಳಾ ಎಲ್ಲೈತಿ ಅನ್ನೂದರ ನನಗೆಲ್ಲಿ ಗೊತ್ತಿತ್ತು?" ಸರ್ ನಗಲಿಲ್ಲ. "ಬಂದ್ ಮಾಡಿರಲಿಲ್ರಿ" ಎಂದರು.

ಒಮ್ಮೆ ಸರ್ ಅವರಿಗೂ ನನಗೂ ಮುದ್ದೇಬಿಹಾಳದಲ್ಲಿ ಪರೀಕ್ಷೆಯ ಕೆಲಸ ಬಿತ್ತು. ಬಸ್ಸು ಊರು ದಾಟಿ ಹೊಲಗಳ ನಡುವೆ ಓಡುತ್ತಿತ್ತು. ಸರ್ ಕುಂತಲ್ಲಿ ಕೂರಲಾರದೆ ಎದ್ದು ನಿಂತರು. "ಕಂಡಕ್ಟರ್ ಸಾಹೇಬ್ರ, ಇಲ್ಲೇ ನಿಲ್ಲಸ್ರಿ" ಎಂದವರೇ ಜೋಳದ ಹೊಲದ ಬದಿಯಲ್ಲಿ ಇಳಿದುಬಿಟ್ಟರು. ನಾನು ಮುದ್ದೇಬಿಹಾಳ ಮುಟ್ಟಿ ಪ್ರಶ್ನೆಪತ್ರಿಕೆ ಹಂಚಿ ಮುಗಿಸಿದ ಮೇಲೆ ಬೆವರು ಸುರಿಸುತ್ತಾ ಬಂದರು. ಕಾಲೇಜಿನವರೆಗೆ ಹಿಂದಿರುಗಿ, ತಾವು ಮೀನು ಸಾಕಿದ್ದ ಕೋಣೆಯ ಬೀಗ ತೆಗೆದು, ನೀರು ನೋಡಿ, ಮತ್ತೆ ಬಸ್ಸು ಹಿಡಿದು ಬಂದಿದ್ದರು.

"ಎಲ್ಲಾ ಬರೋಬ್ಬರಿ ಇತ್ರಿ" ಎಂದರು.

"ಬರೋಬ್ಬರಿ ಇತ್ತಂದ್ರ ಯಾಕ್ ಹೋದ್ರಿ ಸರ?"

"ಬರೋಬ್ಬರಿ ಐತಿ ಅಂತ ನೋಡಾಕ."

ಇಂಥವರೊಡನೆ ವಾದ ಮಾಡಿ ಗೆದ್ದವರು ಯಾರೂ ಇಲ್ಲ. ನಾನು ಇಂಡಿ ಊರಿನವನು. ನಮ್ಮಲ್ಲಿ ನೀರೆಂದರೆ ನಿಂಬೆಗಿಡದ ಬುಡಕ್ಕೆ ಬಿಡುವ ವಸ್ತು, ಅದರೊಳಗೆ ಜೀವಗಳನ್ನಿಟ್ಟು ಕಾಯುವುದು ನನಗೆ ಗೊತ್ತಿರಲಿಲ್ಲ. ಭೌತಶಾಸ್ತ್ರದ ಹಂಗಾಮಿ ಮಾಸ್ತರನಾಗಿ ಈ ಕಾಲೇಜಿಗೆ ಬಂದಾಗ ಚಿಂತೆ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತಿತ್ತು. ಸರ್ ಜೊತೆ ಓಡಾಡಿದ ಮೇಲೆ ನನ್ನ ನಿದ್ದೆಯೂ ತೆಳುವಾಯಿತು. ಕಣ್ಣುಬೇನೆಯ ಹಾಗೆ ಇದೂ ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ.

ಅವರ ಚಿಂತೆಗೆಲ್ಲ ಮೂಲ ಹಿಂದಿನ ಕಟ್ಟಡದ ಮೇಲಂತಸ್ತಿನ ಕೊನೆಯ ಕೋಣೆಯಲ್ಲಿತ್ತು. ಅಣೆಕಟ್ಟಿನಿಂದ ಕೃಷ್ಣೆಗೆ ಹಿನ್ನೀರು ಏರುತ್ತಿದ್ದ ವರ್ಷಗಳವು. ಹಳೆ ಕೊಲ್ಹಾರದ ಹತ್ತಿರ ಹೊಳೆ ಬಂಡೆಗಳ ನಡುವೆ ಜೋರಾಗಿ ಹರಿಯುತ್ತಿದ್ದ ಒಂದು ಜಾಗವಿತ್ತು. ಸರ್ ಹುಟ್ಟಿದ್ದು ಆ ಕಡೆಯ ಒಕ್ಕಲುತನದ ಮನೆಯಲ್ಲಿ, ಈಜು ಕಲಿತದ್ದು ಅದೇ ಬಂಡೆಗಳ ಹತ್ತಿರ. ಆ ಬಂಡೆಗಳಿಗೆ ಅಂಟಿಕೊಂಡು ಬದುಕುವ ಒಂದು ಜಾತಿಯ ಮೀನಿದೆ. ಬೆರಳುದ್ದ, ಮಣ್ಣಿನ ಬಣ್ಣ, ಚಪ್ಪಟೆ ಹೊಟ್ಟೆ. ನೀರು ಬರುವ ದಿಕ್ಕಿಗೇ ಮುಖ ಮಾಡಿ ಕೂರುತ್ತದೆ. ತಿನ್ನುವವರಿಗೂ ಬೇಡ, ಮಾರುವವರಿಗೂ ಬೇಡ. ಹಿನ್ನೀರು ಬಂದು ಬಂಡೆಗಳು ಮುಳುಗುವ ಮೊದಲು ಸರ್ ಸ್ಕೂಟರಿನ ಮೇಲೆ ಕೊಡಗಳನ್ನು ಕಟ್ಟಿಕೊಂಡು ಹೋಗಿ ಕೆಲವನ್ನು ಹಿಡಿದು ತಂದಿದ್ದರು. ಅವು ಮರಿ ಹಾಕಿದರೆ ಎಲ್ಲಾದರೂ ಹರಿಯುವ ಹೊಳೆಗೆ ಬಿಡಬೇಕೆಂಬುದು ಅವರ ಆಸೆ.

"ನಿಂತ ನೀರಾಗ ಇವಕ್ಕ ಉಸರಾಡಾಕ ಆಗೂದಿಲ್ರಿ" ಎಂದು ಮೊದಲ ದಿನವೇ ನನಗೆ ಹೇಳಿದರು. "ಹೊಳ್ಯಾಗ ಇದ್ದಿದ್ರ ಅವುಗಳ ಹಣೇಬಾರ ಅಂತಿದ್ದೆ. ಹಿಡಕೊಂಡ ಬಂದವ ನಾ. ಇಲ್ಲಿ ಸತ್ರ ಕೊಂದವ ನಾನ ಆಗ್ತೇನಿ."

ಅದಕ್ಕಾಗಿ ಅವರು ಮಾಡಿಕೊಂಡ ಏರ್ಪಾಡು ಹೀಗಿತ್ತು. ಮಾಳಿಗೆಯ ಮೇಲೆ ಒಂದು ಕಪ್ಪು ಟ್ಯಾಂಕು. ಅಲ್ಲಿಂದ ಇಳಿದ ಪೈಪು ಕೋಣೆಯಲ್ಲಿ ಸಾಲಾಗಿಟ್ಟ ಗಾಜಿನ ತೊಟ್ಟಿಗಳಿಗೆ ನೀರು ಹಾಯಿಸುತ್ತಿತ್ತು. ಆ ನೀರು ಕೆಳಗಿನ ಡ್ರಮ್ಮಿಗೆ ಬಿದ್ದರೆ ಒಂದು ಸಣ್ಣ ಪಂಪು ಅದನ್ನು ಮತ್ತೆ ಮಾಳಿಗೆಗೆ ಏರಿಸುತ್ತಿತ್ತು. ಕರೆಂಟು ಹೋದರೂ ಮೇಲಿನ ಟ್ಯಾಂಕು ಬರಿದಾಗುವವರೆಗೆ ನೀರು ಹರಿಯುತ್ತಿತ್ತು, ಅಷ್ಟರಲ್ಲಿ ಸರ್ ಓಡಿ ಬರುತ್ತಿದ್ದರು. ತರಗತಿಯ ಫ್ಯಾನು ನಿಂತರೆ ಸಾಕು, ಕಪ್ಪೆಯ ಹೃದಯವನ್ನು ಅರ್ಧಕ್ಕೇ ಬಿಟ್ಟು ಹೊರಡುತ್ತಿದ್ದರು.

ಆದರೆ ಮೊದಲು ತಂದ ಮೀನುಗಳು ಸತ್ತದ್ದು ಕರೆಂಟು ಇದ್ದಾಗಲೇ. ಪಂಪು ಗುಂಯ್‌ಗುಟ್ಟುವುದು ಕೇಳಿಸುತ್ತಿತ್ತು. ಆ ಶಬ್ದದ ಧೈರ್ಯದ ಮೇಲೆ ಸರ್ ನಿಶ್ಚಿಂತೆಯಿಂದ ಪಾಠ ಮಾಡಿದರು. ಪೈಪಿನ ಒಂದು ತಿರುವಿನಲ್ಲಿ ಪಾಚಿ ಸಿಕ್ಕಿಕೊಂಡು ತೊಟ್ಟಿಗಳಿಗೆ ನೀರೇ ಬಂದಿರಲಿಲ್ಲ. ಮೇಲೆ ಹೋಗಿ ನೋಡಿದರೆ ಎಲ್ಲ ಮುಗಿದಿತ್ತು. "ಪಂಪ್ ಓಡತಿತ್ತ್ರಿ. ನಾ ಶಬ್ದ ನಂಬಿದೆ" ಎಂಬ ಮಾತನ್ನು ಅವರು ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಆಮೇಲೆ ಹಿನ್ನೀರು ಇನ್ನೂ ಮುಟ್ಟಿರದ ಕೊನೆಯ ಬಂಡೆಗಳಿಂದ ಮತ್ತೊಮ್ಮೆ ಮೀನು ತಂದರು. ಅವೂ ಹೋದರೆ ತರಲು ಜಾಗವಿರಲಿಲ್ಲ.

ಆಗ ನನ್ನನ್ನು ಹಿಡಿದರು. "ನೀರ ನಿಂತ್ರ ಕೂಗೂವಂಥಾದ್ದೇನರ ಮಾಡಾಕ ಬರ್ತೈತೇನ್ರಿ?"

ಬರುತ್ತದೆ ಎಂದೆ. ಸೊಲ್ಲಾಪುರದ ಗುಜರಿಯಲ್ಲಿ ಒಂದು ಹಳೆ ನೀರಿನ ಮೀಟರು ಸಿಕ್ಕಿತು. ಅದರೊಳಗಿನ ಪುಟ್ಟ ಗಾಲಿಗೆ ಒಂದು ಅಯಸ್ಕಾಂತದ ಚೂರು ಅಂಟಿಸಿದೆ. ನೀರು ಹರಿದರೆ ಗಾಲಿ ತಿರುಗುತ್ತದೆ, ಹೊರಗಿನ ತಂತಿಗೆ ಅದು ತಿಳಿಯುತ್ತದೆ. ಗಾಲಿ ನಿಂತರೆ ಗಂಟೆ ಬಾರಿಸುತ್ತದೆ. ಸರ್ ಅದನ್ನು ಸೆನ್ಸರ್ ಎಂದು ಬಹಳ ಗೌರವದಿಂದ ಕರೆಯುತ್ತಿದ್ದರು, ಹೊಸ ಅಳಿಯನನ್ನು ಮಾತಾಡಿಸಿದ ಹಾಗೆ.

ಮಾಡುವುದು ಸುಲಭವಾಯಿತು. ಎಲ್ಲಿ ಕೂರಿಸುವುದು ಎಂಬುದರಲ್ಲಿ ಜೀವ ಹೋಯಿತು. ಪಂಪಿನ ಹತ್ತಿರ ಕೂರಿಸೋಣ, ಕರೆಂಟಿನ ಬೋರ್ಡು ಅಲ್ಲೇ ಇದೆ ಎಂದೆ.

"ಅಲ್ಲಿ ಹಚ್ಚಿದ್ರ ಪಂಪ್ ಓಡಾಕತ್ತೈತಿ ಅನ್ನೂದು ಗೊತ್ತಾಗ್ತೈತಿ. ಅದು ನನಗ ಕಿವೀಲೇನ ಗೊತ್ತಾಗ್ತೈತಲ್ರಿ" ಎಂದರು ಸರ್. "ಮೀನಿಗೆ ನೀರ ಮುಟ್ಟಿತೋ ಇಲ್ಲೋ ಅದನ್ನ ಹೇಳಬೇಕ ಅದು."

ಸರಿ, ತೊಟ್ಟಿಗಳ ಹತ್ತಿರದ ಪೈಪಿಗೆ ತಂದೆವು. ಅಲ್ಲಿ ತಿರುವಿನ ಪಕ್ಕದಲ್ಲೇ ಕೂರಿಸಿದ್ದಕ್ಕೆ ನೀರು ಸುಳಿ ತಿರುಗಿ ಗಾಲಿ ಒಮ್ಮೆ ಓಡಿ ಒಮ್ಮೆ ತಡವರಿಸಿ, ಮೇಜಿನ ಮೇಲಿಟ್ಟಿದ್ದ ಸಣ್ಣ ಗಂಟೆ ಸುಮ್ಮಸುಮ್ಮನೆ ಬಾರಿಸತೊಡಗಿತು. ಸರ್ ಪ್ರತಿ ಸಲ ಎದ್ದು ಓಡಿದರು. ಮೇಲಿಂದ ಇಳಿಯುವ ಪೈಪಿಗೆ ಹಾಕಿ ನೋಡಿದೆವು. ಇಳಿಜಾರಿನಲ್ಲಿ ಪೈಪು ತುಂಬಿ ಹರಿಯುವುದಿಲ್ಲ, ಅರ್ಧ ಗಾಳಿ ಅರ್ಧ ನೀರು. ಹನಿ ನೀರು ಬಿದ್ದರೂ ಗಾಲಿ ಗರಗರ ತಿರುಗಿ ಎಲ್ಲ ಸುಖವಾಗಿದೆ ಎಂದು ಸುಳ್ಳು ಹೇಳಿತು. ಇದು ಇನ್ನೂ ಕೆಟ್ಟದ್ದು. ಕಡೆಗೆ ಪೈಪನ್ನು ನೆಲದವರೆಗೆ ಇಳಿಸಿ, ಅಲ್ಲಿಂದ ನೆಟ್ಟಗೆ ಮೇಲಕ್ಕೆ ಏರಿಸಿ ತೊಟ್ಟಿಗಳಿಗೆ ಕೊಟ್ಟೆವು. ಏರುವ ಪೈಪು ಯಾವಾಗಲೂ ತುಂಬಿರುತ್ತದೆ. ಆ ನೇರ ತುಂಡಿನ ನಡುವೆ ಸೆನ್ಸರ್ ಕೂರಿಸಿದೆವು. ಪಾಚಿ ಬಂದು ಗಾಲಿಗೆ ಸುತ್ತಿಕೊಳ್ಳದಿರಲೆಂದು ಅದರ ಮುಂದೆ ಒಂದು ಜಾಳಿಗೆ ಹಾಕಿದೆವು, ವೈನಿಯ ಚಹಾ ಸೋಸುವ ಜಾಳಿಗೆ. ಆ ದಿನ ಗಾಲಿ ಒಂದೇ ಸಮನೆ ತಿರುಗಿದ್ದನ್ನು ಸರ್ ಸ್ಟೂಲಿನ ಮೇಲೆ ಕೂತು ನೋಡಿದರು. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ.

ಹಾಗಾದರೂ ಅವರ ಚಿಂತೆ ತೀರಲಿಲ್ಲ. "ನಾ ಮುಂದಿನ ಕಟ್ಟಡದಾಗ ಪಾಠ ಮಾಡತಿರ್ತೇನಿ. ಈ ಸಣ್ಣ ಗಂಟಿ ನನಗ ಕೇಳ್ತೈತೇನ್ರಿ?" ಕೇಳುವುದಿಲ್ಲ. ಆಗ ಇಬ್ಬರೂ ಸೇರಿ ಒಂದು ಜಾಣತನ ಮಾಡಿದೆವು. ಕಾಲೇಜಿನ ಕರೆಂಟಿನ ಗಂಟೆ ಮೂಲೆಮೂಲೆಗೂ ಕೇಳಿಸುತ್ತದಲ್ಲ, ಸೆನ್ಸರಿನ ತಂತಿಯನ್ನು ಅದಕ್ಕೇ ಜೋಡಿಸಿದೆವು. ಪ್ರಿನ್ಸಿಪಾಲರು ಒಪ್ಪಿದರು. ಪಿರಿಯಡ್ಡಿನ ಗಂಟೆ ಚಿಕ್ಕದು, ಇದು ನಿಲ್ಲದೆ ಬಾರಿಸುತ್ತದೆ, ಗೊಂದಲವಿಲ್ಲ ಎಂದು ಮೂವರೂ ಮಾತಾಡಿಕೊಂಡೆವು. ನಿಲ್ಲದೆ ಬಾರಿಸುವ ಗಂಟೆ ಯಾವುದಕ್ಕೆಂದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಬಹಳ ದಿನಗಳಿಂದ ಯಾರೂ ಸತ್ತಿರಲಿಲ್ಲ. ಹಗ್ಗ ಕಂಡರೂ ಹಾವೆಂದು ಹೆದರುವ ಸರ್ ಅವರಿಗೂ ಇದೊಂದು ತಲೆಗೆ ಬರಲಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ ಗಂಟೆ ಬಾರಿಸಿತು. ನಿಲ್ಲಲಿಲ್ಲ. ಮರುಕ್ಷಣವೇ ಇಡೀ ಕಾಲೇಜು ಎದ್ದು ಮೈದಾನದತ್ತ ಹೊರಟಿತು. ಸಂಸ್ಥೆಯ ಅಧ್ಯಕ್ಷರ ತಾಯಿಗೆ ಮೈಯಲ್ಲಿ ಹುಷಾರಿಲ್ಲವೆಂದೂ ಬಿಜಾಪುರದ ಆಸ್ಪತ್ರೆಗೆ ಸೇರಿಸಿದ್ದಾರೆಂದೂ ಆ ವಾರ ಎಲ್ಲರೂ ಮಾತಾಡುತ್ತಿದ್ದರು. ಹೀಗಾಗಿ ಯಾರೂ ಯಾರನ್ನೂ ಕೇಳಲಿಲ್ಲ. ಎಲ್ಲರೂ ಸಾಲಾಗಿ ನಿಂತರು, ಪ್ರಿನ್ಸಿಪಾಲರೂ ಬಂದು ನಿಂತರು. ಗಂಟೆ ಬಾರಿಸುತ್ತಲೇ ಇತ್ತು. ಅದು ನಿಲ್ಲದೆ ಮೌನ ಶುರುವಾಗುವುದು ಹೇಗೆ? ಪ್ರಿನ್ಸಿಪಾಲರು ಗಂಟೆ ಒತ್ತುವ ಸಿಪಾಯಿಗೆ ಸನ್ನೆ ಮಾಡಿದರು. ಸಿಪಾಯಿ "ನಾ ಒತ್ತಿಲ್ರಿ, ದೇವರಾಣಿ ನಾ ಒತ್ತಿಲ್ಲ" ಎಂದು ಗೋಳಾಡುತ್ತಾ ಹೋಗಿ ಫ್ಯೂಜು ಕಿತ್ತ. ಗಂಟೆ ನಿಂತಿತು. ಎಲ್ಲರೂ ತಲೆ ತಗ್ಗಿಸಿದರು.

ಸರ್ ಮುಂದಿನ ಕಟ್ಟಡದಿಂದ ಹಿಂದಿನ ಕಟ್ಟಡಕ್ಕೆ ಓಡುತ್ತಿದ್ದರು. ನಡುವೆ ಮೈದಾನ. ಸಾಲುಗಳ ಮಧ್ಯೆ ನುಗ್ಗುವಾಗ ಆಟದ ಮಾಸ್ತರರು ಅವರ ಹೆಗಲು ಹಿಡಿದರು. "ಸರ, ನಿಲ್ರಿ. ಮೌನ ನಡದೈತಿ." ನಾನು ಅಲ್ಲೇ ಪಕ್ಕದಲ್ಲಿದ್ದೆ. ಸರ್ ನನ್ನ ಮುಖ ನೋಡಿದರು. ಇದು ನಮ್ಮದೇ ಗಂಟೆ ಎಂದು ಇಬ್ಬರಿಗೂ ಬಹುತೇಕ ಗೊತ್ತಿತ್ತು. ಆದರೆ ಬಹುತೇಕ ಮಾತ್ರ. ನಿಜವಾಗಿಯೂ ಅಧ್ಯಕ್ಷರ ತಾಯಿ ತೀರಿಕೊಂಡಿದ್ದರೆ? ಆ ಮೌನದಲ್ಲಿ ಓಡಿದವನ ಮೀನಿನ ಕೋಣೆ ಕಾಲೇಜಿನಲ್ಲಿ ಉಳಿದೀತೇ? ಸರ್ ಅಂಗೈಯನ್ನು ತಮ್ಮ ತೊಡೆಗೆ ಒತ್ತಿ ಹಿಡಿದು ನಿಂತಿದ್ದರು.

"ನಾ ಹೋಗ್ತೇನಿ" ಎಂದು ಪಿಸುಗುಟ್ಟಿದೆ.

ಅವರು ನನ್ನ ಮುಂಗೈ ಗಟ್ಟಿಯಾಗಿ ಹಿಡಿದರು. "ಬ್ಯಾಡ್ರಿ. ನಿಮ್ಮ ನೌಕರಿ ಇನ್ನ ಕಾಯಂ ಆಗಿಲ್ಲ."

ಮೇಲೆ ಅವರ ಮೀನುಗಳು ಉಸಿರು ಕಟ್ಟಿಕೊಂಡು ಬಿದ್ದಿವೆ, ಈ ಮನುಷ್ಯ ನನ್ನ ನೌಕರಿಯ ಚಿಂತೆ ಮಾಡುತ್ತಿದ್ದಾರೆ. ಕೈ ಬಿಡಿಸಿಕೊಳ್ಳಲು ನೋಡಿದೆ, ಬಿಡಲಿಲ್ಲ. ಆ ಎರಡು ನಿಮಿಷದಷ್ಟು ಉದ್ದದ ಹೊತ್ತನ್ನು ನಾನು ಮತ್ತೆ ಕಂಡಿಲ್ಲ.

ಮೌನ ಮುಗಿಯುತ್ತಲೇ ಇಬ್ಬರೂ ಮೆಟ್ಟಿಲು ಹಾರಿಕೊಂಡು ಏರಿದೆವು. ಜಾಳಿಗೆಗೆ ಪಾಚಿ ಮೆತ್ತಿಕೊಂಡು ನೀರು ಪೂರಾ ನಿಂತಿತ್ತು. ಗಾಲಿ ಸುಮ್ಮನಿತ್ತು, ಅದು ತನ್ನ ಕೆಲಸ ತಪ್ಪದೆ ಮಾಡಿತ್ತು. ಕೊನೆಯ ತೊಟ್ಟಿಗಳಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಉಳಿದವುಗಳಲ್ಲಿ ಕೆಲವು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆಯುತ್ತಿದ್ದವು. ನಾನು ಪೈಪು ಬಿಚ್ಚಿದೆ. ಸರ್ ತಂಬಿಗೆ ತೆಗೆದುಕೊಂಡು ತೊಟ್ಟಿಯ ನೀರನ್ನೇ ಎತ್ತಿ ಎತ್ತಿ, ಗಾಳಿ ಬೆರೆಯಲೆಂದು ಎತ್ತರದಿಂದ ಸುರಿಯತೊಡಗಿದರು. ಒಂದು ತೊಟ್ಟಿಗೆ ಸುರಿದರೆ ಇನ್ನೊಂದು ತಡೆಯುತ್ತಿರಲಿಲ್ಲ. ಅಷ್ಟರಲ್ಲಿ ಸಂಗತಿ ತಿಳಿದ ಅವರ ಬಿ.ಎಸ್ಸಿ. ತರಗತಿಯ ಹುಡುಗಿಯರು ರಜೆ ಬಿಟ್ಟು ಮೇಲೆ ಬಂದರು. ಊಟದ ಡಬ್ಬಿಗಳಲ್ಲಿದ್ದ ರೊಟ್ಟಿ ಪಲ್ಯ ಕಿಟಕಿಯ ಕಟ್ಟೆಗೆ ಇಟ್ಟು, ಆ ಡಬ್ಬಿಗಳಿಂದಲೇ ಒಬ್ಬೊಬ್ಬರು ಒಂದೊಂದು ತೊಟ್ಟಿಯ ನೀರನ್ನು ಎತ್ತಿ ಸುರಿದರು. ನಾನು ಪೈಪು ತೊಳೆದು ಜೋಡಿಸುವವರೆಗೆ ಅಲ್ಲಿ ಹೊಳೆಯನ್ನು ಕೈಯಿಂದಲೇ ಹರಿಸಿದರು. ಅರ್ಧದಷ್ಟು ಮೀನು ಉಳಿದವು.

ಅಧ್ಯಕ್ಷರ ತಾಯಿ ಬದುಕಿಯೇ ಇದ್ದರು. ಆ ದಿನ ಮಧ್ಯಾಹ್ನ ಯಾರೋ ಪುಣ್ಯಾತ್ಮರು ಅಧ್ಯಕ್ಷರ ಮನೆಗೆ ಫೋನು ಮಾಡಿ ಸಂತಾಪ ಹೇಳಿದರಂತೆ, ಫೋನು ಎತ್ತಿದ್ದು ಆ ತಾಯಿಯ ತಂಗಿಯಂತೆ. ಮರುದಿನ ಗಂಟೆಯ ತಂತಿ ಕತ್ತರಿಸಿದರು. ದಸರಾ ರಜೆಯೊಳಗೆ ಕೋಣೆ ಖಾಲಿ ಮಾಡಬೇಕೆಂದು ಪ್ರಿನ್ಸಿಪಾಲರು ಮೆತ್ತಗೆ ಹೇಳಿದರು. ಸರ್ ಜಗಳವಾಡುತ್ತಾರೆಂದು ನಾನು ಕಾದೆ. ಅವರಿಗೆ ಅಷ್ಟರಲ್ಲಿ ಬೇರೆಯೇ ತಿಳಿದಿತ್ತು.

"ನೀರ ನಿಂತೈತಿ ಅಂತ ಹೇಳೂದಷ್ಟ ನಮ್ಮ ಕೈಯಾಗ ಐತ್ರಿ. ಹರಸೂದು ಹೊಳೀಗೇ ಗೊತ್ತು. ಭೀಮಾ ಇನ್ನ ಹರಿಯಾಕತ್ತೈತಿ. ಅಲ್ಲಿ ಬಿಟ್ಟ ಬರೂಣು" ಎಂದರು.

ಪರಿಚಯದವರ ಟೆಂಪೋದಲ್ಲಿ ಕೊಡಗಳನ್ನು ಇಟ್ಟುಕೊಂಡು ಸಿಂದಗಿ ದಾಟಿ ದೇವಣಗಾಂವಕ್ಕೆ ಹೋದೆವು. ವೈನಿಯೂ ಬಂದಿದ್ದರು. ದಾರಿಯುದ್ದಕ್ಕೂ ಮೂವರೂ ಕೊಡಗಳಲ್ಲಿ ಕೈ ಆಡಿಸುತ್ತಾ ಕೂತಿದ್ದೆವು. ಚಾಲಕ ಚಹಾ ಕುಡಿಯೋಣವೆಂದ, ಸರ್ ಅವನನ್ನು ಇಳಿಯಗೊಡಲಿಲ್ಲ. ಹೊಳೆ ಮುಟ್ಟಿದ ಮೇಲೆ ನೇರವಾಗಿ ಬಿಟ್ಟರೇ? ಇಲ್ಲ. ಚೀಲದಿಂದ ಸೆನ್ಸರ್ ತೆಗೆದರು. ತಂತಿಯಿಲ್ಲ, ಗಂಟೆಯಿಲ್ಲ, ಬರೀ ಗಾಲಿ. ಧೋತರ ಮೇಲೆ ಕಟ್ಟಿ ನೀರಿಗಿಳಿದು ಅದನ್ನು ಇಲ್ಲಿ ಮುಳುಗಿಸಿ, ಅಲ್ಲಿ ಮುಳುಗಿಸಿ, ಬಂಡೆಯ ಹಿಂದೆ ಹಿಡಿದು, ಬಂಡೆಯ ಮುಂದೆ ಹಿಡಿದು ನೋಡಿದರು. ಬಟ್ಟೆ ಒಗೆಯುತ್ತಿದ್ದ ಹೆಣ್ಣುಮಕ್ಕಳು ಕೆಲಸ ಬಿಟ್ಟು ನೋಡುತ್ತಾ ನಿಂತರು. "ಏನ್ ಕಳಕೊಂಡಾರ್ರಿ ಅವ್ರು?" ಎಂದು ಒಬ್ಬಾಕೆ ವೈನಿಯನ್ನು ಕೇಳಿದಳು. "ಇನ್ನ ಕಳಕೊಂಡಿಲ್ಲ, ಈಗ ಕಳಕೊಳ್ತಾರ" ಎಂದರು ವೈನಿ.

ಗಾಲಿ ಒಂದೇ ಸಮನೆ ತಿರುಗಿದ ಜಾಗದಲ್ಲಿ ಕೊಡ ಬಗ್ಗಿಸಿದರು. ಮೀನುಗಳು ಮಣ್ಣಿನ ಬಣ್ಣದ ಬಂಡೆಯ ಮೇಲೆ ಮಣ್ಣಿನ ಬಣ್ಣವಾಗಿ ಕ್ಷಣದಲ್ಲಿ ಕಾಣದಾದವು. ಸರ್ ಬಗ್ಗಿ ಬಹಳ ಹೊತ್ತು ಹುಡುಕಿದರು.

ನಿವೃತ್ತಿಯಾದ ಮೇಲೆ ಅವರು ಸಿಂದಗಿಗೆ ಹೋದರು, ವೈನಿಯ ತವರಿನ ಜಾಗದಲ್ಲಿ ಮನೆ ಕಟ್ಟಿಕೊಂಡರು. ನಿಜವಾದ ಕಾರಣ ದೇವಣಗಾಂವ ಹತ್ತಿರವೆಂಬುದು. ಅವರು ಹೋದ ಮೊದಲ ಬೇಸಿಗೆಯಲ್ಲೇ ಭೀಮೆ ಹರಿಯುವುದನ್ನು ನಿಲ್ಲಿಸಿತು. ಅಲ್ಲಲ್ಲಿ ಮಡು, ಉಳಿದದ್ದು ಉಸುಕು. ಸರ್ ದಿನಾ ಬಸ್ಸು ಹತ್ತಿ ಹೋಗಿ ಬಂಡೆಗಳ ಸಂದಿಯಲ್ಲಿ ಕೈ ಹಾಕಿ ಹುಡುಕುತ್ತಿದ್ದಾರೆ, ಊಟ ಸೇರುತ್ತಿಲ್ಲ ಎಂದು ವೈನಿ ಫೋನಿನಲ್ಲಿ ಹೇಳಿದರು. ನಾನು ಹೋಗಿ ನೋಡಿದಾಗ ಅರ್ಧ ಆಳಾಗಿದ್ದರು. "ಒಂದೂ ಕಾಣವಲ್ಲವ್ರಿ. ಮಡುವಿನ್ಯಾಗೂ ಇಲ್ಲ. ಬಿಸಿಲಾಗ ಸಾಯಾಕ ನಾನ ತಂದ ಬಿಟ್ಟಂಗಾತಲ್ರಿ" ಎಂದರು. ನನಗೂ ಹಾಗೇ ಅನಿಸಿತ್ತು.

ಮಳೆ ಬಂತು, ಹೊಳೆಯೂ ಬಂತು. ದೀಪಾವಳಿ ಮುಗಿದು ನೀರು ತಿಳಿಯಾದ ದಿನಗಳಲ್ಲಿ ನಾನು ರಜೆಗೆ ಇಂಡಿಗೆ ಬಂದಿದ್ದೆ. ಅಂಗಳದಲ್ಲಿ ನಿಂಬೆಹಣ್ಣಿನ ಚೀಲ ಹೊಲಿಯುತ್ತಿದ್ದಾಗ ಫೋನು ಬಂತು. ದೇವಣಗಾಂವದ ಎಸ್‌ಟಿಡಿ ಬೂತಿನಿಂದ ಸರ್.

"ಸಿಕ್ಕೈತ್ರಿ" ಎಂದರು.

"ಏನ್ ಸರ?"

"ಮರಿ. ಜ್ವಾಳದ ಕಾಳಿಗಿಂತ ಒಂಚೂರು ದೊಡ್ಡದೈತಿ. ಕಲ್ಲಿಗೆ ಅಂಟಿಕೊಂಡ ನೀರಿಗೆ ಮಕಾ ಮಾಡಿ ಕುಂತೈತಿ."

ನನಗೆ ನಿಂತಲ್ಲಿ ನಿಲ್ಲಲು ಆಗಲಿಲ್ಲ. "ನಮ್ಮ ಮೀನಿನ ಮರಿ ಏನ್ರಿ?"

ಆ ಕಡೆ ಬಸ್ಸಿನ ಹಾರ್ನು ಕೇಳಿಸಿತು.

"ಅದ ಗೊತ್ತಾಗವಲ್ತ್ರಿ. ನಮ್ಮವುಗಳದ್ದ ಇರಬೇಕು, ಇಲ್ಲಾ ಮೊದಲಿಂದ ಈ ಹೊಳ್ಯಾಗ ಇದ್ದವುಗಳದ್ದ ಇರಬೇಕು. ನೋ‌ಡಾಕ ಎಲ್ಲಾ ಒಂದ ಥರಾ ಇರ್ತಾವ."

"ಹಿಡದ್ರೇನ್ರಿ?"

"ಇಲ್ರಿ. ಅದು ಹೊಳ್ಯಾಗ ಹುಟ್ಟಿದ್ದು. ಅದರ ಚಿಂತಿ ನನಗ್ಯಾಕ್ರಿ?" ಎಂದರು.

ಅವರ ಬಾಯಿಂದ ಆ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ.